ಹತ್ತನೇ ನಂಬರ್ ಅಂಗಿಯ ತೂಕ

ಆಸಿಂಗ್ಲಿ ರಗ್ಬಿ ತಂಡ ಆ ವರ್ಷ ಸಾಲಾಗಿ ಹನ್ನೊಂದು ಪಂದ್ಯ ಸೋತಿತ್ತು. ಸೋಲು ನಮಗೆ ಹೊಸದಲ್ಲ. ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಊರಿನಲ್ಲಿ ತಪ್ಪದೆ ನಡೆದುಕೊಂಡು ಬಂದದ್ದು ಎರಡೇ: ಭಾನುವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ, ನಾಲ್ಕೂ ಮುಕ್ಕಾಲಿಗೆ ಅದರ ತಿಥಿ. ಆದರೆ ಮೊದಲೆಲ್ಲ ಸೋತಾಗ ಬಯ್ಯುವುದಕ್ಕೆ ರೆಫ್ರಿ ಇರುತ್ತಿದ್ದ, ಗಾಳಿ ಇರುತ್ತಿತ್ತು, ಇಳಿಜಾರಿನ ಮೈದಾನ ಇರುತ್ತಿತ್ತು. ಹನ್ನೊಂದನೆಯ ಸೋಲಿನ ಹೊತ್ತಿಗೆ ಇವೆಲ್ಲ ಖರ್ಚಾಗಿ, ಒಂದೇ ಮಾತು ಉಳಿಯಿತು.

"ಇವರಿಗೆ ಮನಸ್ಸೇ ಇಲ್ಲ."

ರೈಲು ಹಳಿಯ ಕಡೆಯ ಮೆಟ್ಟಿಲುಗಳ ಮೇಲೆ ನಿಂತು ನಾವೆಲ್ಲ ಇದನ್ನು ಹೇಳುತ್ತಿದ್ದೆವು. ನಾನೂ ಹೇಳುತ್ತಿದ್ದೆ. ಬಹಳ ಅನುಕೂಲದ ಮಾತು ಅದು. ಆಟ ತಿಳಿದಿರಬೇಕೆಂದಿಲ್ಲ, ಬಾಯಲ್ಲಿ ಮಾಂಸದ ಪೈ ಇದ್ದರೂ ಹೇಳಬಹುದು, ಹೇಗೆ ಗೊತ್ತಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದವರು ಒಬ್ಬರೇ, ಸಿರಿಲ್ ಅಂಪಲ್ಬಿಯವರು.

"ಮನಸ್ಸಿಲ್ಲ ಅಂತೀಯಲ್ಲ, ಎಷ್ಟಿಲ್ಲ?" ಎಂದು ಅವರು ಗ್ಲೆನಿಸ್‌ಳನ್ನು ಕೇಳಿದರು.

ಗ್ಲೆನಿಸ್ ಇಪ್ಪತ್ತಾರು ವರ್ಷ ಊರ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿದವಳು. ತಂಡದ ಅರ್ಧ ಜನ ಅವಳ ಸೌಟಿನ ಕೆಳಗೆ ತಟ್ಟೆ ಹಿಡಿದವರೇ. ಅವಳಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಎಷ್ಟಿಲ್ಲ ಅಂದ್ರೆ? ಒಂಚೂರೂ ಇಲ್ಲ."

"ಒಂಚೂರು ಅನ್ನೋದು ಅಳತೆ ಅಲ್ಲ ಗ್ಲೆನಿಸ್."

"ನನ್ನ ಅಡುಗೆಮನೇಲಿ ಅದೇ ಅಳತೆ ಇದ್ದಿದ್ದು. ಒಂಚೂರು ಉಪ್ಪು, ಒಂಚೂರು ಬೆಣ್ಣೆ. ಈ ಹುಡುಗರೆಲ್ಲ ಅದನ್ನೇ ತಿಂದು ಬೆಳೆದಿದ್ದು."

"ಅದಕ್ಕೇ ಹೀಗಾಡ್ತಾವೆ" ಎಂದು ಹಿಂದಿನ ಮೆಟ್ಟಿಲಿಂದ ಯಾರೋ ಅಂದರು. ಗ್ಲೆನಿಸ್ ತಿರುಗಿ ನೋಡಿದಳು. ಹಿಂದಿನ ಮೆಟ್ಟಿಲಿನಲ್ಲಿ ಎಲ್ಲರೂ ಮೋಡ ನೋಡುತ್ತಿದ್ದರು.

ಅಂಪಲ್ಬಿಯವರು ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಮೂವತ್ತೊಂದು ವರ್ಷ ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿದ್ದರು. ಅವರು ಕಾಲಿಟ್ಟರೆ ಹೆಂಡದಂಗಡಿಯಲ್ಲಿ ಬಿಯರಿನ ನೊರೆ ತಾನಾಗಿಯೇ ಇಳಿಯುತ್ತಿತ್ತು. ಕಟುಕರು ಹೆಬ್ಬೆರಳನ್ನು ತಕ್ಕಡಿಯಿಂದ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಸ್ವಂತ ಭಾವಮೈದ ರಾನಿಯ ತರಕಾರಿ ಅಂಗಡಿಯ ತಕ್ಕಡಿ ಅರ್ಧ ಔನ್ಸು ತಪ್ಪು ತೋರಿಸಿತು. ಇನ್ನೊಬ್ಬರಾಗಿದ್ದರೆ ಕೆಮ್ಮಿ ಸುಮ್ಮನಾಗುತ್ತಿದ್ದರು. ಅಂಪಲ್ಬಿಯವರು ಮೊಕದ್ದಮೆ ಹಾಕಿ ಗೆದ್ದರು. ಆ ವರ್ಷ ಕ್ರಿಸ್‌ಮಸ್ ಊಟಕ್ಕೆ ಹೆಂಡತಿಯ ತವರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಟರ್ಕಿ ಕೋಳಿ ಉಳಿಯಿತು. ಎಷ್ಟು ಉಳಿಯಿತು ಎಂಬುದನ್ನು ಅವರು ಇವತ್ತಿಗೂ ನಿಖರವಾಗಿ ಹೇಳಬಲ್ಲರು.

ನಿವೃತ್ತಿಯ ದಿನ ಇಲಾಖೆಯವರು ಹಿತ್ತಾಳೆಯ ತಟ್ಟೆಗಳ ಒಂದು ತಕ್ಕಡಿಯನ್ನೂ ಪೆಟ್ಟಿಗೆ ತುಂಬ ತೂಕದ ಬಟ್ಟುಗಳನ್ನೂ ಉಡುಗೊರೆ ಕೊಟ್ಟರು. ಅವರು ಮೊದಲು ಅದನ್ನು ಪರೀಕ್ಷಿಸಿ ಆಮೇಲೆ ವಂದನೆ ಹೇಳಿದರು. ಊಟ ಇಪ್ಪತ್ತು ನಿಮಿಷ ತಡವಾಯಿತು.

ಇಂಥವರು 'ಮನಸ್ಸಿಲ್ಲ' ಎಂಬ ಮಾತನ್ನು ಅಳೆಯದೆ ಬಿಡುವುದುಂಟೆ? ಮುಂದಿನ ಭಾನುವಾರ ಕುತ್ತಿಗೆಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು, ನೀಲಿ ರಟ್ಟಿನ ನೋಟ್‌ಬುಕ್ ಹಿಡಿದು ಬಂದರು. ಅವರ ವಾದ ಸರಳವಾಗಿತ್ತು. ನಮ್ಮ ಆಟದಲ್ಲಿ ಎದುರಾಳಿಯನ್ನು ಹಿಡಿದು ಕೆಡವಬೇಕು, ಕೆಡವಿದವನೂ ಜೊತೆಗೇ ಬೀಳುತ್ತಾನೆ. ಬಿದ್ದವನು ಎದ್ದು ಮತ್ತೆ ತನ್ನ ಸಾಲಿಗೆ ಓಡಬೇಕು. ಮನಸ್ಸಿದ್ದವನು ಬೇಗ ಏಳುತ್ತಾನೆ, ಇಲ್ಲದವನು ನಿಧಾನ ಏಳುತ್ತಾನೆ. ಆದ್ದರಿಂದ ಬಿದ್ದಾಗಿನಿಂದ ಎದ್ದು ನಿಲ್ಲುವವರೆಗಿನ ಹೊತ್ತನ್ನು ಅಳೆದರೆ ಮನಸ್ಸನ್ನು ಅಳೆದಂತೆ.

ಇದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ. ನಮಗೆ ಹನ್ನೊಂದು ವಾರದಿಂದ ಏನೂ ಕಾಣುತ್ತಿರಲಿಲ್ಲ.

ಆರು ಪಂದ್ಯ ಅವರು ಅಳೆದರು. ಒಬ್ಬೊಬ್ಬ ಆಟಗಾರನಿಗೆ ಸರದಿಯಂತೆ ಹತ್ತು ಹತ್ತು ನಿಮಿಷ. ಆ ಹೊತ್ತಿನಲ್ಲಿ ಚೆಂಡು ಎಲ್ಲಿದೆ, ಅಂಕ ಯಾರಿಗೆ ಬಂತು ಎಂಬುದನ್ನು ಅವರು ನೋಡುತ್ತಿರಲಿಲ್ಲ. ನಾವು ಕೂಗಿದರೆ "ಶ್!" ಎನ್ನುತ್ತಿದ್ದರು. ಆರನೆಯ ಪಂದ್ಯ ಮುಗಿದ ಮರುದಿನ, ಅಭಿಮಾನಿಗಳ ಕ್ಲಬ್ಬಿನ ಗೋಡೆಗೆ ಸರಾಸರಿಯ ಪಟ್ಟಿಯೊಂದು ಬಿತ್ತು. ತಲೆಯಲ್ಲಿ ಕೀರನ್ ಫಾಕ್ಸ್, ಎರಡು ಪಾಯಿಂಟ್ ಒಂದು ಸೆಕೆಂಡು. ಅಂಗಳದ ಅಂಚಿನಲ್ಲಿ ಓಡುವ ಐದನೇ ನಂಬರಿನವನು, ಇಪ್ಪತ್ತೆರಡು ವಯಸ್ಸು, ಪಂದ್ಯಕ್ಕೆ ಮೊದಲು ಕನ್ನಡಿ ಮುಂದೆ ಇಪ್ಪತ್ತೆರಡು ನಿಮಿಷ. ಬುಡದಲ್ಲಿ ಡೀನ್ ಹೆಪ್‌ವರ್ತ್, ಆರು ಪಾಯಿಂಟ್ ನಾಲ್ಕು. ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ಕೆಡವುವ ಗಟ್ಟಿಗ, ಹತ್ತನೇ ನಂಬರು, ಮೂವತ್ತನಾಲ್ಕು ವಯಸ್ಸು, ಒಂಬತ್ತು ವರ್ಷದಿಂದ ನಮ್ಮಲ್ಲೇ ಇರುವವನು.

ನಮ್ಮ ಮಟ್ಟದ ಕ್ಲಬ್ಬುಗಳಲ್ಲಿ ಆಟಕ್ಕೆ ಸಂಬಳವೂ ಉಂಟು, ಹೊಟ್ಟೆಪಾಡಿಗೆ ಬೇರೆ ಕೆಲಸವೂ ಉಂಟು. ಹೆಪ್‌ವರ್ತ್ ಬೆಳಗಿನ ಐದಕ್ಕೆ ಪುರಸಭೆಯ ಕಸದ ಲಾರಿ ಹತ್ತುತ್ತಿದ್ದ. ನನ್ನ ಮನೆಯ ಕಸದ ಡಬ್ಬಿಯನ್ನೂ ಅವನೇ ಎತ್ತುತ್ತಿದ್ದ. ಮಾತು ಕಡಿಮೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವನ ವಿಷಯದಲ್ಲಿ ಮೈಯೆಲ್ಲ ಕೆಸರಾದರೂ ಬಾಯಿಗೆ ಸಿಕ್ಕಿದ್ದು ಎದುರಾಳಿಯ ಮೊಣಕೈ.

ಪಟ್ಟಿ ಬಿದ್ದ ವಾರದಿಂದ ಅವನ ಹೆಸರು ಹೋಗಿ 'ಆರೂ ನಾಲ್ಕು' ಆಯಿತು.

"ಏಯ್ ಆರೂ ನಾಲ್ಕು, ಹಾಸಿಗೆ ಬೇಕೇನಪ್ಪಾ?"

"ದಿಂಬು ಕೊಡ್ರೋ ಅವನಿಗೆ!"

"ಎದ್ದೇಳೋ ಮಾರಾಯಾ, ಕಸದ ಲಾರಿ ಬಂತು!"

ಕೊನೆಯದನ್ನು ಕೂಗಿದವನು ನಾನು. ಎಲ್ಲರೂ ನಕ್ಕರು. ಮಂಗಳವಾರ ಬೆಳಿಗ್ಗೆ ಅವನು ಎಂದಿನಂತೆ ನನ್ನ ಡಬ್ಬಿ ಎತ್ತಿ ಖಾಲಿ ಮಾಡಿ, ಎಂದಿನಂತೆ ಮುಚ್ಚಳ ಹಾಕಿ ಇಟ್ಟು ಹೋದ. ನಾನು ಪರದೆಯ ಹಿಂದೆ ನಿಂತು ನೋಡಿದೆ.

ಈಗ ಮೇವಿಸ್ ವಿಷಯ ಹೇಳಬೇಕು. ಮೇವಿಸ್ ಅಂಪಲ್ಬಿಯವರ ಹೆಂಡತಿ. ಕ್ಲಬ್ಬಿನ ಬಟ್ಟೆ ಒಗೆಯುವ ಯಂತ್ರ ಕೆಟ್ಟ ವರ್ಷದಿಂದ ತಂಡದ ಅಂಗಿಗಳನ್ನು ಆಕೆಯೇ ಮನೆಯಲ್ಲಿ ಒಗೆಯುತ್ತಿದ್ದರು. ಭಾನುವಾರ ಸಂಜೆ ಬೆತ್ತದ ದೊಡ್ಡ ಬುಟ್ಟಿಯೊಂದು ಹಿಂಬಾಗಿಲಿಗೆ ಬರುತ್ತಿತ್ತು, ಬದಲಿ ಆಟಗಾರರದೂ ಸೇರಿ ಹದಿನೇಳು ಅಂಗಿ. ಸೋಮವಾರ ಮಧ್ಯಾಹ್ನ ಅವು ಹಿತ್ತಿಲಿನ ತಂತಿಯ ಮೇಲೆ ಕಡುಗೆಂಪು-ಹಳದಿ ಪಟ್ಟೆ ತೋರಿಸಿಕೊಂಡು ತೂಗಾಡುತ್ತಿದ್ದವು.

ಪಟ್ಟಿಯ ಕೆಲಸ ನಡೆದಿದ್ದಾಗ ಒಂದು ದಿನ ಮೇವಿಸ್ ಚಹಾ ಬಗ್ಗಿಸುತ್ತ, "ಆ ಫಾಕ್ಸ್ ಹುಡುಗನ ಅಂಗಿ ಇದ್ಯಲ್ಲ ಸಿರಿಲ್..." ಎಂದು ಶುರುಮಾಡಿದರು.

ಅಂಪಲ್ಬಿಯವರು ಕೈ ಎತ್ತಿದರು. "ಬೇಡ. ತನಿಖೆ ನಡೀತಿರೋವಾಗ ಮನೆಯವರಿಂದ ಸಾಕ್ಷಿ ತಗೊಳ್ಳೋದು ಸರಿಯಲ್ಲ."

"ಸಾಕ್ಷಿ ಅಲ್ಲಪ್ಪ, ಅಂಗಿ."

"ಅಂಗೀನೇ ಸಾಕ್ಷಿ."

ಅಂದಿನಿಂದ ಆ ಮನೆಯಲ್ಲಿ ರಗ್ಬಿ ಮಾತು ನಿಂತಿತು. ಈರುಳ್ಳಿಯ ಬಗ್ಗೆ ಮಾತಾಡುತ್ತಿದ್ದರು. ಬುಟ್ಟಿ ಬಂದಾಗ ಅಂಪಲ್ಬಿಯವರು ನಿಷ್ಪಕ್ಷಪಾತದಿಂದ ಎದ್ದು ಮುಂದಿನ ಕೋಣೆಗೆ ಹೋಗುತ್ತಿದ್ದರು.

ಪಟ್ಟಿಯ ಸುದ್ದಿ ಬ್ಯಾರಿ ಸಟ್‌ಕ್ಲಿಫ್‌ಗೆ ಮುಟ್ಟಿತು. ಸಟ್‌ಕ್ಲಿಫ್ ಕ್ಲಬ್ಬಿನ ಅಧ್ಯಕ್ಷ, ರತ್ನಗಂಬಳಿ ಉಗ್ರಾಣದ ಮಾಲೀಕ. ಸೋಲಿಗೆ ಕಾರಣ ಹೇಳಿ ಹೇಳಿ ಸುಸ್ತಾಗಿದ್ದ ಅವನಿಗೆ ಬೇರೊಬ್ಬರು ತಯಾರಿಸಿದ ಅಂಕಿಗಳು ಸಿಕ್ಕಿದ್ದು ಹಬ್ಬದಂತಾಯಿತು. ಬುಧವಾರ ಸಂಜೆ ಏಳಕ್ಕೆ ಅಭಿಮಾನಿಗಳ ಸಭೆ, ಅಂಪಲ್ಬಿಯವರಿಂದ ಪಟ್ಟಿಯ ಮಂಡನೆ, ಮುಂದಿನ ವರ್ಷಕ್ಕೆ ಯಾರ ಒಪ್ಪಂದ ಉಳಿಯಬೇಕು ಎಂಬುದರಲ್ಲಿ ಅದಕ್ಕೆ 'ತಕ್ಕ ಬೆಲೆ' ಎಂದು ಬೋರ್ಡಿಗೆ ಹಚ್ಚಿಸಿದ. ಬಾರಿನಲ್ಲಿ ನನಗೆ ಇನ್ನೂ ಬಿಡಿಸಿ ಹೇಳಿದ.

"ಹೆಪ್‌ವರ್ತ್ ಹೋಗ್ತಾನೆ. ನಾನಲ್ಲಪ್ಪ ಹೇಳ್ತಿರೋದು, ಗಣಿತ ಹೇಳ್ತಿದೆ."

ಮೂವತ್ತನಾಲ್ಕರ ಮುಂಚೂಣಿಯವನನ್ನು ಬೇರೆ ಯಾವ ಕ್ಲಬ್ಬೂ ಕರೆಯುವುದಿಲ್ಲ. ಇಲ್ಲಿ ಹೋದರೆ ಆಟವೇ ಹೋಯಿತು. ಇದು ಹೆಪ್‌ವರ್ತ್‌ಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಂಪಲ್ಬಿಯವರಿಗೂ ಗೊತ್ತಿತ್ತು. ಅವರು ಹೊಸ ಟೈ ಕೊಂಡರು.

ಸಭೆಗೆ ಮುಂಚಿನ ಭಾನುವಾರ ಬೆಳಗಿನಿಂದ ಮಳೆ, ಪಂದ್ಯದ ಹೊತ್ತಿಗೆ ನಿಂತಿತ್ತು. ಮೈದಾನ ಗಂಜಿಯಾಗಿತ್ತು. ನಲವತ್ತಕ್ಕೆ ನಾಲ್ಕರಿಂದ ಸೋತೆವು. ಬುಟ್ಟಿ ಎಂದಿನಂತೆ ಹಿಂಬಾಗಿಲಿಗೆ ಹೋಯಿತು. ಆದರೆ ಸೋಮವಾರ ಬೆಳಿಗ್ಗೆಯೇ ಬ್ರಿಡ್ಲಿಂಗ್ಟನ್ನಿನಿಂದ ಫೋನು: ಮೇವಿಸ್‌ರ ಅಕ್ಕ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಳು. ಮೇವಿಸ್ ಹತ್ತು ಗಂಟೆಯ ಬಸ್ಸಿಗೆ ಹೊರಟರು. ಅಡುಗೆಮನೆಯ ಮೇಜಿನ ಮೇಲೆ ಒಂದು ಚೀಟಿ ಇತ್ತು: 'ಅಂಗಿ ಒಗೆದು ಹಾಕು. ಮೊದಲು ತಣ್ಣೀರು. ಒಂದೇ ಸಲಕ್ಕೆ ಜಾಸ್ತಿ ತುರುಕಬೇಡ.'

ಜಾಸ್ತಿ ಎಂದರೆ ಎಷ್ಟು? ಇದರ ಮೇಲೆ ಅಂಪಲ್ಬಿಯವರು ಒಂದು ಕಪ್ ಚಹಾದಷ್ಟು ಹೊತ್ತು ಯೋಚಿಸಿದರು. ಯಂತ್ರದ ಕೈಪಿಡಿ ಹುಡುಕಿ ಓದಿದರು. ಏಳು ಕಿಲೋ ಮೀರಬಾರದು ಎಂದಿತ್ತು. ಇಂಥ ಸ್ಪಷ್ಟ ಮಾತನ್ನು ಬರೆದ ಕಂಪನಿಯ ಮೇಲೆ ಅವರಿಗೆ ಗೌರವ ಹುಟ್ಟಿತು. ಮುಂದಿನ ಕೋಣೆಯಿಂದ ತಕ್ಕಡಿ ತಂದು ಮೇಜಿನ ಮೇಲಿಟ್ಟರು, ಮಟ್ಟ ನೋಡಿದರು, ಬುಟ್ಟಿಯ ಮುಚ್ಚಳ ತೆಗೆದರು. ಎಷ್ಟೋ ವರ್ಷಗಳಲ್ಲಿ ಅವರು ಅದರೊಳಗೆ ಇಣುಕಿದ್ದು ಅದೇ ಮೊದಲು.

ಮೇಲೆ ಇದ್ದದ್ದು ಐದನೇ ನಂಬರು, ಫಾಕ್ಸ್‌ನದು. ಮುನ್ನೂರ ಇಪ್ಪತ್ತೈದು ಗ್ರಾಂ. ಕಪಾಟಿನಲ್ಲಿ ಒಗೆದು ಮಡಿಸಿಟ್ಟ ಅದೇ ನಂಬರಿನ ಹೆಚ್ಚುವರಿ ಅಂಗಿ ಇತ್ತು, ಅದನ್ನೂ ತೂಗಿದರು. ಮುನ್ನೂರ ಹತ್ತು. ಎಂಬತ್ತು ನಿಮಿಷದ ಪಂದ್ಯದಲ್ಲಿ ಫಾಕ್ಸ್ ಸಂಪಾದಿಸಿದ್ದು ಹದಿನೈದು ಗ್ರಾಂ. ಮೂಸಿ ನೋಡಿದರು. ಅದರಲ್ಲಿ ಹೆಚ್ಚಿನ ಪಾಲು ಕೂದಲಿಗೆ ಹಚ್ಚುವ ಅಂಟು.

ಬುಟ್ಟಿಯ ಅಡಿಯಲ್ಲಿ ಹತ್ತನೇ ನಂಬರು. ಅದು ಅಂಗಿ ಎಂದು ತಿಳಿಯಲು ಕಾಲರು ಹುಡುಕಬೇಕಾಯಿತು. ತಟ್ಟೆಯ ಮೇಲಿಟ್ಟಾಗ ತಕ್ಕಡಿ ಠಣ್ ಎಂದು ಆ ಕಡೆಗೆ ಬಿತ್ತು. ಅಂಪಲ್ಬಿಯವರು ಬಟ್ಟು ಇಡುತ್ತ ಹೋದರು. ಒಂದು ಕಿಲೋ ಆರುನೂರ ನಲವತ್ತು. ತಕ್ಕಡಿ ಕೆಟ್ಟಿದೆ ಎಂದುಕೊಂಡರು. ಪರೀಕ್ಷಿಸಿದರು, ಕೆಟ್ಟಿರಲಿಲ್ಲ. ಮತ್ತೆ ತೂಗಿದರು. ಒಗೆದ ಹತ್ತನೇ ನಂಬರು ಮುನ್ನೂರ ಎಂಬತ್ತು. ಉಳಿದ ಒಂದು ಕಿಲೋ ಇನ್ನೂರ ಅರವತ್ತು ನಮ್ಮ ಮೈದಾನ.

ಅಂಪಲ್ಬಿಯವರು ಕುರ್ಚಿಯ ಮೇಲೆ ಕೂತರು. ಆಮೇಲೆ ನೀಲಿ ರಟ್ಟಿನ ನೋಟ್‌ಬುಕ್ ತಂದರು. ಅದುವರೆಗೆ ಅವರು ಸರಾಸರಿಗಳನ್ನಷ್ಟೇ ನೋಡಿದ್ದರು. ಈಗ ಪುಟಗಳನ್ನು ನೋಡಿದರು. ಫಾಕ್ಸ್‌ನ ಹೆಸರಿನ ಕೆಳಗೆ ನಾಲ್ಕು ಸಾಲು. ಆರು ಪಂದ್ಯದಲ್ಲಿ ಅವನ ಸರದಿ ಬಂದ ಹೊತ್ತಿನಲ್ಲೆಲ್ಲ ಅವನು ಬಿದ್ದದ್ದು ನಾಲ್ಕೇ ಸಲ, ಅದರಲ್ಲಿ ಒಂದು ಸಲ ಬೂಟಿನ ದಾರ ತುಳಿದು. ಹೆಪ್‌ವರ್ತ್‌ನ ಹೆಸರಿನ ಕೆಳಗೆ ಸಾಲುಗಳು ಪುಟ ತುಂಬಿ, ಅಂಚಿಗೆ ಹತ್ತಿ, ಹಿಂಬದಿಗೆ ಹೊರಳಿ, ಅಲ್ಲೂ ಸಾಲದೆ ಅಂಟಿಸಿದ ಎರಡು ಚೀಟಿಗಳಿಗೆ ಹರಿದಿದ್ದವು. ಆ ಚೀಟಿಗಳನ್ನು ಅಂಟಿಸಿದವರೂ ಅವರೇ. ಆಗ ಅಂಟು ಒಣಗಿಲ್ಲ ಎಂಬುದರ ಮೇಲೆ ಅವರಿಗೆ ಗಮನವಿತ್ತು.

ಬೀಳದವನು ಬೇಗ ಏಳುತ್ತಾನೆ. ಇಷ್ಟು ಸಣ್ಣ ಸಂಗತಿ ಮೂವತ್ತೊಂದು ವರ್ಷದ ಅನುಭವಕ್ಕೆ ಹೊಳೆದಿರಲಿಲ್ಲ.

ಅವರು ಬ್ರಿಡ್ಲಿಂಗ್ಟನ್ನಿಗೆ ಫೋನು ಮಾಡಿದರು.

"ಅಂಗಿ ಒಗೆದ್ಯಾ?" ಎಂದರು ಮೇವಿಸ್.

"ಹೆಪ್‌ವರ್ತ್‌ದು ಯಾವಾಗ್ಲೂ ಹೀಗೇ ಇರತ್ತಾ?"

"ಹೀಗೇ ಅಂದ್ರೆ? ಈ ವಾರ ಅರ್ಧ ಹೊಲ ತಂದಿದ್ದಾನೆ. ಬೇಸಿಗೇಲಿ ಕಾಲು ಹೊಲ. ಮೂರು ಸಲ ನೆನೆಹಾಕ್ಬೇಕು ಅವನದ್ದನ್ನ."

"ಫಾಕ್ಸ್‌ದು?"

"ಅದನ್ನ ಒಗೆಯೋದೇ ಇಲ್ಲಪ್ಪ ನಾನು. ಕೊಡವಿ ಇಸ್ತ್ರಿ ಹಾಕ್ತೀನಿ."

ಅಂಪಲ್ಬಿಯವರು ನೋಟ್‌ಬುಕ್ಕಿನ ರಟ್ಟು ಮುಚ್ಚಿದರು.

"ಇದನ್ನೆಲ್ಲ ನಂಗೆ ಹೇಳ್ಬಾರದಿತ್ತಾ ಮೇವಿಸ್?"

"ಹೇಳೋಕೆ ಬಂದೆ. ಸಾಕ್ಷಿ ಅಂದೆ ನೀನು" ಎಂದು ಆಕೆ ಅಕ್ಕನಿಗೆ ಸಾರು ಬಿಸಿಮಾಡಲು ಹೋದರು.

ಎರಡು ದಿನ ಅಂಪಲ್ಬಿಯವರು ಮನೆಯಿಂದ ಹೊರಗೆ ಬರಲಿಲ್ಲ. ಅವರ ಕಷ್ಟ ಏನೆಂದು ನಾನು ಆಮೇಲೆ ತಿಳಿದೆ. ಊರಿನ ಎಷ್ಟೋ ತಕ್ಕಡಿಗಳನ್ನು ಅವರು ತಪ್ಪೆಂದು ಸಾರಿದ್ದರು. ಅವರ ತಕ್ಕಡಿ ತಪ್ಪೆಂದು ಒಬ್ಬನೂ ಒಂದು ದಿನವೂ ಸಾರಿರಲಿಲ್ಲ. ಸುಮ್ಮನಿದ್ದರೆ ಅವರ ಮಾತು ಉಳಿಯುತ್ತದೆ, ಹೆಪ್‌ವರ್ತ್ ಹೋಗುತ್ತಾನೆ. ಬಾಯಿ ಬಿಟ್ಟರೆ ಹೆಪ್‌ವರ್ತ್ ಉಳಿಯಬಹುದು, ರಾನಿಯೂ ಸೇರಿದಂತೆ ಮೂವತ್ತೊಂದು ವರ್ಷದ ಅಂಗಡಿಕಾರರೆಲ್ಲ ನಗುತ್ತಾರೆ. ರಾನಿಗೆ ಈಗ ಎಂಬತ್ತು, ಆದರೆ ನಗುವುದಕ್ಕೆ ತೊಂದರೆಯಿಲ್ಲ ಎಂದು ಕೇಳಿದ್ದರು.

ಬುಧವಾರ ಕ್ಲಬ್ಬು ತುಂಬಿತ್ತು. ಪೈ ಮತ್ತು ಬಟಾಣಿ ಗೊಜ್ಜು ಆರೂವರೆಗೇ ಮುಗಿದಿತ್ತು. ಆಟಗಾರರನ್ನೂ ಬರಹೇಳಿದ್ದರು, ಅವರು ಗೋಡೆಗುಂಟ ಶಾಲೆಯಲ್ಲಿ ಶಿಕ್ಷೆಗೆ ನಿಂತವರಂತೆ ನಿಂತಿದ್ದರು. ಹೆಪ್‌ವರ್ತ್ ಕೆಲಸದ ಹಳದಿ ಜಾಕೆಟ್ಟಿನಲ್ಲೇ ಬಂದು ಕೊನೆಯಲ್ಲಿ ನಿಂತ. ಅಂಪಲ್ಬಿಯವರು ಒಂದು ಸೂಟ್‌ಕೇಸು ಹಿಡಿದು ಬಂದರು. ಊರು ಬಿಡುತ್ತಿದ್ದಾರೇನೋ ಎಂದು ನಾನು ಗ್ಲೆನಿಸ್‌ಗೆ ಅಂದೆ.

ಸಟ್‌ಕ್ಲಿಫ್ ಎದ್ದು, ಪ್ರಾಮಾಣಿಕತೆ, ಪಾರದರ್ಶಕತೆ, ಪರಂಪರೆ ಎಂದು ಕಾಲು ಗಂಟೆ ಮಾತಾಡಿದ. ಅವನ ಅಂಗಡಿಯಲ್ಲಿ ಆ ವಾರ ರಿಯಾಯಿತಿ ಇದೆ ಎಂಬುದೂ ಅದರಲ್ಲಿ ಬಂತು. "ಈಗ ಅಂಪಲ್ಬಿಯವರು ತಮ್ಮ ಅಂಕಿಗಳನ್ನು ಮುಂದಿಡ್ತಾರೆ" ಎಂದು ಕೂತ.

ಅಂಪಲ್ಬಿಯವರು ಸೂಟ್‌ಕೇಸು ತೆರೆದು ತಕ್ಕಡಿ ಇಟ್ಟರು. ಮಟ್ಟ ನೋಡಿದರು. ಮೇಜು ವಾಲಿತ್ತು, ಬಿಯರ್ ಗ್ಲಾಸಿನ ಅಡಿಗಿಡುವ ರಟ್ಟೊಂದನ್ನು ಅದರ ಕಾಲಿಗೆ ಕೊಟ್ಟು ಮತ್ತೆ ನೋಡಿದರು. ಏನಾಗುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ಈ ಊರಲ್ಲಿ ಆರು ವಾರದಿಂದ ಒಂದು ತಪ್ಪು ಅಳತೆ ಚಲಾವಣೆಯಲ್ಲಿದೆ" ಎಂದರು ಅಂಪಲ್ಬಿಯವರು. "ಅದನ್ನ ಇಟ್ಕೊಂಡಿದ್ದ ವ್ಯಕ್ತಿಯ ಹೆಸರು ಸಿರಿಲ್ ಅಂಪಲ್ಬಿ. ವಿಳಾಸ ನಿಮಗೆಲ್ಲ ಗೊತ್ತು."

ಆಮೇಲೆ ಒಗೆಯದೆ ಇಟ್ಟುಕೊಂಡಿದ್ದ ಎರಡು ಅಂಗಿಗಳನ್ನು ಕಾಗದದ ಚೀಲಗಳಿಂದ ತೆಗೆದು ಎಲ್ಲರ ಮುಂದೆ ತೂಗಿದರು. ಹೆಪ್‌ವರ್ತ್‌ನ ಅಂಗಿ ಒಣಗಿ ಹಲಗೆಯಾಗಿತ್ತು. ನೀರು ಆರಿದ್ದರಿಂದ ತೂಕ ಎಷ್ಟು ಇಳಿದಿದೆ ಎಂಬುದನ್ನೂ ಓದಿದರು. ಆಮೇಲೆ ಯಾರ ಹೆಸರಿನ ಕೆಳಗೆ ಎಷ್ಟು ಸಾಲು ಎಂಬುದನ್ನು ಓದಿದರು. ಆಮೇಲೆ ಗೋಡೆಯ ಪಟ್ಟಿ ಕಿತ್ತು, ನಾಲ್ಕಾಗಿ ಹರಿದು, ಜೇಬಿಗೆ ಹಾಕಿಕೊಂಡರು. ಅಲ್ಲೇ ಬಿಸಾಡಬಹುದಿತ್ತು, ಆದರೆ ಅವರು ಕಸ ಹಾಕುವವರಲ್ಲ.

"ಹಾಗಾದ್ರೆ ಮನಸ್ಸಿಲ್ಲದವನು ಫಾಕ್ಸು!" ಎಂದು ಗ್ಲೆನಿಸ್ ತಟ್ಟನೆ ಅಂದಳು. ಅವಳಿಗೆ ಬಯ್ಯಲು ಯಾರಾದರೊಬ್ಬರು ಬೇಕಿತ್ತು. ಕ್ಲಬ್ಬಿನ ಅರ್ಧ ತಲೆಗಳು ಫಾಕ್ಸ್‌ನ ಕಡೆ ಹೊರಳಿದವು.

ಫಾಕ್ಸ್ ಕೆಂಪಾದ. "ಗ್ಲೆನಿಸ್ ಆಂಟಿ, ನಂಗೆ ಚೆಂಡೇ ಬರಲ್ಲ! ಈಸ್ಟರ್ ಆದ್ಮೇಲೆ ಎರಡು ಸಲ ಬಂದಿದೆ. ಒಂದು ಸಲ ಪ್ರೇಕ್ಷಕರು ಎಸೆದಿದ್ದು. ನಾನು ಅಲ್ಲಿ ಒಬ್ನೇ ನಿಂತ್ಕೊಂಡು ಚಳಿಗೆ ಸಾಯ್ತಿರ್ತೀನಿ."

ಇದು ನಿಜವಿತ್ತು. ಚೆಂಡು ಅಂಚಿನವರೆಗೆ ಹೋಗುವಷ್ಟು ಹೊತ್ತು ನಮ್ಮ ಕೈಯಲ್ಲಿ ಉಳಿದ ನೆನಪು ನನಗಿಲ್ಲ. ಗ್ಲೆನಿಸ್ ಕೂಡ ಯೋಚಿಸಿ, "ಪಾಪ, ಸ್ವೆಟರ್ ಹಾಕ್ಕೊ ಮಗಾ" ಎಂದಳು.

ಸಟ್‌ಕ್ಲಿಫ್‌ಗೆ ಸಭೆ ಕೈತಪ್ಪುತ್ತಿರುವುದು ತಿಳಿಯಿತು. "ಅಂಪಲ್ಬಿಯವರೇ, ಒಟ್ನಲ್ಲಿ ಇವರಿಗೆ ಮನಸ್ಸಿದೆಯೋ ಇಲ್ವೋ? ಹೆಪ್‌ವರ್ತ್ ಹೆಸರಿನ ಮುಂದೆ ನಾನು ಏನಂತ ಬರ್ಕೊಳ್ಳಲಿ?"

"ಮನಸ್ಸು ತೂಗೋ ತಕ್ಕಡಿ ನಮ್ಮ ಇಲಾಖೇಲಿ ಇರ್ಲಿಲ್ಲ. ನನ್ನ ಪಟ್ಟಿ ನೋಡಿ ತೆಗೀತೀನಿ ಅಂದಿದ್ರಲ್ಲ, ಆ ಪಟ್ಟಿ ಈಗ ಇಲ್ಲ. ತೆಗೆಯೋದಾದ್ರೆ ನಿಮ್ಮ ಸ್ವಂತ ಕಾರಣ ಹುಡುಕ್ಕೊಳ್ಳಿ."

ಸ್ವಂತ ಕಾರಣ ಎಂಬುದು ಸಟ್‌ಕ್ಲಿಫ್‌ನ ಹತ್ತಿರ ಆರು ವಾರದಿಂದ ದಾಸ್ತಾನಿರಲಿಲ್ಲ. ಭಾನುವಾರದ ಪಂದ್ಯ ನೋಡಿ ತೀರ್ಮಾನಿಸುತ್ತೇನೆ ಎಂದು ಸಭೆ ಮುಗಿಸಿದ. ಹೊರಡುವ ಮುಂಚೆ ಅಂಪಲ್ಬಿಯವರು ಇನ್ನೊಂದು ಮಾತು ಸೇರಿಸಿದರು: ತಪ್ಪು ಅಳತೆ ಇಟ್ಟುಕೊಂಡವನಿಗೆ ದಂಡ ಆಗಲೇಬೇಕು, ಆದ್ದರಿಂದ ಈ ವರ್ಷದ ಪಂದ್ಯಗಳು ಮುಗಿಯುವವರೆಗೆ ಹದಿನೇಳು ಅಂಗಿಯನ್ನೂ ತಾವೇ ಒಗೆಯುವುದಾಗಿ. ಮೇವಿಸ್‌ರನ್ನು ಕೇಳಿರಲಿಲ್ಲ. ಕೇಳಿದ್ದರೆ ಆಕೆ ಶಿಕ್ಷೆಯನ್ನು ಇನ್ನೆರಡು ವರ್ಷ ಹೆಚ್ಚಿಸುತ್ತಿದ್ದರು.

ಭಾನುವಾರ ಮತ್ತೆ ಮಳೆ. ಆಗ ಒಂದು ವಿಚಿತ್ರ ನಡೆಯಿತು. ತಕ್ಕಡಿಯ ಸುದ್ದಿ ಎಲ್ಲರ ತಲೆಯಲ್ಲಿತ್ತಷ್ಟೆ. ಪಂದ್ಯ ಶುರುವಾಗುವ ಮುಂಚೆಯೇ ಇಬ್ಬರು ಆಟಗಾರರು ಗೋಲುಕಂಬದ ಹತ್ತಿರದ ಕೊಚ್ಚೆಯಲ್ಲಿ ಹೊರಳುತ್ತಿದ್ದರು. ಫಾಕ್ಸ್ ಚೆಂಡಿಗೆ ಕಾಯದೆ ನಡುವಿಗೆ ಬಂದು ಸಿಕ್ಕವರ ಕಾಲಿಗೆಲ್ಲ ಬಿದ್ದ. ತೂಕ ಗಳಿಸಲು ಬಿದ್ದವನ ಕೆಳಗೆ ಕೆಲವು ಸಲ ಎದುರಾಳಿಯೂ ಸಿಕ್ಕುತ್ತಿದ್ದ. ಹೀಗೆ ಮೊದಲ ಸಲ ಎಂಬತ್ತು ನಿಮಿಷವೂ ಅಂಗಳಕ್ಕಿಳಿದವರೆಲ್ಲ ನೆಲದ ಮೇಲಿದ್ದರು. ಹದಿನೆಂಟಕ್ಕೆ ಹದಿನಾರರಿಂದ ಸೋತೆವು. ವರ್ಷದಲ್ಲೇ ಅತ್ಯುತ್ತಮ ಸೋಲು.

ಹೆಪ್‌ವರ್ತ್ ಮಾತ್ರ ಎಂದಿನಂತೆ ಆಡಿದ. ಬಿದ್ದ, ಎದ್ದ, ಬಿದ್ದ. ಆರೂ ನಾಲ್ಕು ಎಂದು ಯಾರೂ ಕೂಗಲಿಲ್ಲ. ಏನು ಕೂಗಬೇಕೆಂದೂ ತಿಳಿಯಲಿಲ್ಲ. ನಾನು ಒಂದು ಸಲ "ಹೆಪ್‌ವರ್ತ್!" ಎಂದೆ, ಬರೀ ಹೆಸರು. ಸಪ್ಪೆಯಾಗಿ ಕೇಳಿಸಿತು.

ಪಂದ್ಯ ಮುಗಿದ ಮೇಲೆ ಬುಟ್ಟಿ ಹೊರಲು ಅಂಪಲ್ಬಿಯವರಿಗೆ ಇನ್ನೊಂದು ಕೈ ಬೇಕೆಂದು ನಾನೂ ಆಟಗಾರರ ಕೋಣೆಗೆ ಹೋದೆ. ಒಬ್ಬೊಬ್ಬರಾಗಿ ಅಂಗಿ ತಂದು ಹಾಕುವಾಗ ತೂಕದ ಅಂದಾಜು ಕೇಳುತ್ತಿದ್ದರು. ಅಂಪಲ್ಬಿಯವರು ಬುಟ್ಟಿಯತ್ತ ಕೈ ತೋರಿಸುತ್ತಿದ್ದರು. ಕೊನೆಗೆ ಹೆಪ್‌ವರ್ತ್ ಬಂದ. ಅಂಗಿ ಕಳಚಲು ಬಾರದೆ ನಾವಿಬ್ಬರೂ ಒಂದೊಂದು ತೋಳು ಹಿಡಿದು ಎಳೆಯಬೇಕಾಯಿತು. ಕಣ್ಣಿನ ಮೇಲೆ ಹೊಲಿಗೆ, ಕಿವಿಯಲ್ಲಿ ಹುಲ್ಲು.

"ಮಿಸ್ಟರ್ ಅಂಪಲ್ಬಿ" ಎಂದ. "ಬುಧವಾರ ನೀವು ಹೇಳಿದ್ದು ದೊಡ್ಡದು. ಆದ್ರೆ ಒಂದು ಮಾತು ನಾನೂ ಹೇಳ್ಬೇಕು. ನಿಮ್ಮ ವಾಚು ಸುಳ್ಳು ಹೇಳಿರ್ಲಿಲ್ಲ."

"ಅಂದ್ರೆ?"

"ಮೂವತ್ತನೇ ಸಲ ಬಿದ್ದ ಮೇಲೆ ನಾನು ಬೇಕಂತಲೇ ಒಂದು ಸೆಕೆಂಡು ಜಾಸ್ತಿ ಮಲಗ್ತೀನಿ. ಏಳಕ್ಕಾಗಲ್ಲ ಅಂತ ಅಲ್ಲ. ಅಲ್ಲಿ ತಣ್ಣಗಿರತ್ತೆ. ಯಾರೂ ಏನೂ ಕೇಳಲ್ಲ. ಅಷ್ಟೇ."

ಅಂಪಲ್ಬಿಯವರು ಅಂಗಿಯನ್ನು ಬುಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದರು. ಅಷ್ಟರಲ್ಲಿ ಸಟ್‌ಕ್ಲಿಫ್ ಒಳಗೆ ಬಂದ, ಕೈಯಲ್ಲಿ ಕಾಗದ, ಕಿವಿಗೆ ಪೆನ್ನು. ಹದಿನಾರು ಅಂಕ ನೋಡಿ ಅವನಿಗೆ ಮದುವೆಯ ಕಳೆ ಬಂದಿತ್ತು. ಕಾಗದವನ್ನು ಬುಟ್ಟಿಯ ಮುಚ್ಚಳದ ಮೇಲೆ ಹಾಸಿದ.

"ಹೆಪ್‌ವರ್ತ್, ಇನ್ನೊಂದು ವರ್ಷ. ಇಲ್ಲಿ ಹಾಕು ಸಹಿ." ಆಮೇಲೆ, ಪತ್ರಿಕೆಯವರು ಕೇಳಿದರೆ ಹೇಳಲು ಏನಾದರೂ ಬೇಕಲ್ಲ ಎಂದು, ಅಂಪಲ್ಬಿಯವರ ಕಡೆ ತಿರುಗಿದ. "ನಿಮ್ಮ ಆಕ್ಷೇಪಣೆ ಏನೂ ಇಲ್ಲ ತಾನೆ? ಇದ್ರೆ ಈಗ್ಲೇ ಹೇಳ್ಬಿಡಿ. ಆಮೇಲೆ ಇನ್ನೊಂದು ಸೂಟ್‌ಕೇಸ್ ತರ್ಬೇಡಿ."

ಹೆಪ್‌ವರ್ತ್ ಪೆನ್ನು ಹಿಡಿದು ನಿಂತಿದ್ದ. ಬರೆಯಲಿಲ್ಲ. ಅಂಪಲ್ಬಿಯವರನ್ನು ನೋಡಿದ. ನಾನೂ ನೋಡಿದೆ. ತಿಳಿದ ಸಂಗತಿಯನ್ನು ಮುಚ್ಚಿಡುವ ಅಭ್ಯಾಸ ಆ ಮನುಷ್ಯನಿಗೆ ಇರಲಿಲ್ಲ. ಸ್ನಾನದ ಕೋಣೆಯಲ್ಲಿ ಯಾರೋ ಹದಿನಾರು, ಹದಿನಾರು ಎಂದು ಹಾಡುತ್ತಿದ್ದರು.

"ಎಂಥ ಒಳ್ಳೆ ತಕ್ಕಡಿಗೂ ಇಷ್ಟು ತಪ್ಪಬಹುದು ಅಂತ ಕಾನೂನೇ ಒಂದು ಮಿತಿ ಕೊಟ್ಟಿರತ್ತೆ" ಎಂದರು ಅಂಪಲ್ಬಿಯವರು ನಿಧಾನವಾಗಿ. "ಅದರೊಳಗಿದ್ರೆ ಇನ್‌ಸ್ಪೆಕ್ಟರ್ ಏನೂ ಬರೆಯೋ ಹಾಗಿಲ್ಲ."

"ಅಂದ್ರೆ ಏನು?" ಎಂದ ಸಟ್‌ಕ್ಲಿಫ್.

"ಅಂದ್ರೆ ಏನೂ ಇಲ್ಲ. ಸಹಿ ಹಾಕಪ್ಪ ಡೀನ್, ಬುಟ್ಟಿ ಭಾರ ಇದೆ, ನಾವು ಹೊರಡ್ಬೇಕು."

ಹೆಪ್‌ವರ್ತ್ ಸಹಿ ಹಾಕಿದ. ಕಾಗದದ ಮೇಲೆ ಹೆಬ್ಬೆರಳಿನ ಕೆಸರೂ ಬಿತ್ತು. ಸಟ್‌ಕ್ಲಿಫ್ ಅದನ್ನು ಒರೆಸಲು ಹೋಗಿ ಇನ್ನಷ್ಟು ಹರಡಿದ. ನಾನೂ ಅಂಪಲ್ಬಿಯವರೂ ಬುಟ್ಟಿಯ ಎರಡು ಕಿವಿ ಹಿಡಿದೆವು. ಮೊದಲ ಸಲ ಏಳಲಿಲ್ಲ.